ಹತ್ತು ಜನ ಸೇರಲೇಬೇಕು

ದುರಂತ ಆದ ಮಾರನೇ ದಿನವೇ 'ನಾವು ಎದೆಗುಂದಲ್ಲ' ಅಂತ ಮೈಕ್ ಹಿಡಿಯುವವರನ್ನು ಕಂಡರೆ ನನಗೆ ಆಗಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ ಯಹೂದಿಗಳು ಇಷ್ಟವಾಗಿದ್ದೇ ಅದಕ್ಕೆ. ಅವರು ಮೊದಲು ಕೆಲಸಕ್ಕೆ ನಿಂತರು.

2018ರ ಅಕ್ಟೋಬರ್ 27, ಶನಿವಾರ. ಸ್ಕ್ವಿರಲ್ ಹಿಲ್ ಬಡಾವಣೆಯ 'ಟ್ರೀ ಆಫ್ ಲೈಫ್' ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಬಂದೂಕು ಹಿಡಿದು ನುಗ್ಗಿದವನೊಬ್ಬ 11 ಜನರನ್ನು ಕೊಂದ. ಅವರಲ್ಲಿ ಒಬ್ಬ ಅಜ್ಜಿಗೆ 97 ವರ್ಷ. ಅವನಿಗೆ ಯಹೂದಿಗಳ ಮೇಲೆ ಮೊದಲಿಂದಲೂ ದ್ವೇಷ. ಜೊತೆಗೆ, ಅವರ ಸಂಸ್ಥೆಯೊಂದು ದೇಶ ಬಿಟ್ಟು ಬಂದ ನಿರಾಶ್ರಿತರಿಗೆ ನೆರವಾಗುತ್ತಿದೆ ಅನ್ನೋ ಸಿಟ್ಟು ಬೇರೆ! ಗುಂಡು ತಗುಲಿದ ಅವನನ್ನು ಸೇರಿಸಿದ ಆಸ್ಪತ್ರೆಯ ಮುಖ್ಯಸ್ಥರು ಅದೇ ಸಿನಗಾಗ್‌ನ ಸದಸ್ಯರು. ಆರೈಕೆ ಮಾಡಿದವರಲ್ಲೂ ಯಹೂದಿಗಳಿದ್ದರು. ಸುಮ್ನೆ ಒಮ್ಮೆ ಯೋಚಿಸಿ, ನಮ್ಮ ಕೈಲಿ ಆಗುತ್ತಿತ್ತಾ?

ಯಹೂದಿ ಪದ್ಧತಿಯಲ್ಲಿ ಮಣ್ಣು ಮಾಡುವ ತನಕ ಹೆಣವನ್ನು ಒಂಟಿಯಾಗಿ ಬಿಡೋ ಹಾಗಿಲ್ಲ. ಪಕ್ಕದಲ್ಲಿ ಯಾರಾದರೂ ಕೂತು ಕೀರ್ತನೆ ಓದುತ್ತಿರಬೇಕು. ಇಲ್ಲಿ ಹೆಣಗಳು ಸರ್ಕಾರಿ ಶವಾಗಾರದಲ್ಲಿದ್ದವು. ಸರಿ, ಸ್ವಯಂಸೇವಕರು ಸರದಿ ಹಾಕಿಕೊಂಡು ಅಲ್ಲಿಗೇ ಹೋಗಿ ಕೂತರು. ರಕ್ತವೂ ದೇಹದ ಭಾಗ, ಅದನ್ನೂ ಮಣ್ಣು ಮಾಡಬೇಕು ಅನ್ನೋದು ಅವರ ನಂಬಿಕೆ. ಹಾಗಾಗಿ ಪೊಲೀಸರ ತನಿಖೆ ಮುಗಿದ ಮೇಲೆ ಸಿನಗಾಗ್ ಒಳಗೆ ಹೋಗಿ ರಕ್ತವನ್ನೆಲ್ಲ ಒರೆಸಿ ತೆಗೆದವರೂ ಇಂಥ ಸ್ವಯಂಸೇವಕರೇ. ಕೂಲಿಗೆ ಬಂದವರಲ್ಲ, ಅದೇ ಊರಿನವರು, ಸತ್ತವರ ಪರಿಚಯ ಇದ್ದವರು. ಇದನ್ನು ಓದಿದ ಮೇಲೆ ತುಂಬಾ ಹೊತ್ತು ಬೇರೇನೂ ಓದೋಕಾಗಲಿಲ್ಲ ನನಗೆ.

ಆ ಕಟ್ಟಡದಲ್ಲಿ ಇದ್ದದ್ದು ಮೂರು ಸಭೆಗಳು, ಅಂದರೆ ಒಟ್ಟಾಗಿ ಪ್ರಾರ್ಥನೆ ಮಾಡುವ ಮೂರು ಬೇರೆ ಬೇರೆ ಗುಂಪುಗಳು. ಅದರಲ್ಲಿ 'ನ್ಯೂ ಲೈಟ್' ತೀರಾ ಚಿಕ್ಕದು. ಅದು ಕಳೆದುಕೊಂಡ ಮೂವರೂ ವಾರವಾರ ತಪ್ಪದೆ ಬಂದು ಪ್ರಾರ್ಥನೆ ನಡೆಸಿಕೊಡುತ್ತಿದ್ದವರು. ಸತ್ತವರಿಗಾಗಿ ಹೇಳುವ 'ಕದ್ದೀಶ್' ಪ್ರಾರ್ಥನೆಗೆ ಕನಿಷ್ಠ ಹತ್ತು ಜನ ಇರಬೇಕು. ಅಂದರೆ ದುಃಖ ಇದ್ದವನು ಮನೆ ಬಾಗಿಲು ಹಾಕಿಕೊಂಡು ಒಬ್ಬನೇ ಅದನ್ನು ಹೇಳಿ ಮುಗಿಸೋ ಹಾಗಿಲ್ಲ. ಮಿಕ್ಕವರು ಎದ್ದು ಬರಲೇಬೇಕು. ಮುಂದಿನ ಶನಿವಾರವೇ ಬಂದರು, ಬೇರೆಯವರ ಸಿನಗಾಗ್‌ನಲ್ಲಿ ಸೇರಿದರು. ಭರವಸೆ ಅಂತ ನಾನು ನಂಬೋದಾದರೆ ಇಂಥ ಹಾಜರಿಯನ್ನೇ.

ಮುಸ್ಲಿಮರು ಚಂದಾ ಎತ್ತಿ ಈ ಯಹೂದಿಗಳಿಗೆ 2 ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟರು. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ ಗುಂಡು ಹಾರಿದಾಗ ಪಿಟ್ಸ್‌ಬರ್ಗ್‌ನ ಯಹೂದಿಗಳು ಅಲ್ಲಿಗೆ ಹಣ ಕೂಡಿಸಿದರು.

ಹಾಗಂತ ಎಲ್ಲರದ್ದೂ ಒಂದೇ ಮಾತು ಅಂದ್ಕೋಬೇಡಿ. ಕೊಲೆಗಾರನಿಗೆ 2023ರಲ್ಲಿ ಕೋರ್ಟ್ ಮರಣದಂಡನೆ ವಿಧಿಸಿತು. ಹಲವು ಕುಟುಂಬಗಳಿಗೆ ಅದೇ ಬೇಕಿತ್ತು, ಕೆಲವರಿಗೆ ಸುತರಾಂ ಬೇಡವಾಗಿತ್ತು. ಇಷ್ಟು ನೋವು ತಿಂದವರು ಒಮ್ಮತಕ್ಕೆ ಬರಬೇಕು ಅಂತ ಹೊರಗಿನ ನಾವು ಕೇಳೋದೇ ತಪ್ಪು ಅಲ್ವಾ?

ಹಳೇ ಕಟ್ಟಡದ ಬಹುಪಾಲನ್ನು 2024ರಲ್ಲಿ ಕೆಡವಿದರು. ಹೊಸದರ ವಿನ್ಯಾಸ ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್ ಅವರದ್ದು. ಅವರ ಅಪ್ಪ ಅಮ್ಮ ಹಿಟ್ಲರನ ಕಾಲದ ನರಮೇಧದಲ್ಲಿ ಬದುಕುಳಿದವರು. ಇದ್ದದ್ದನ್ನು ಇದ್ದ ಹಾಗೇ ಸ್ಮಾರಕ ಮಾಡಬಹುದಿತ್ತು ಅಂತ ಯಾರಾದರೂ ಹೇಳಬಹುದು. ನನ್ನನ್ನು ಕೇಳಿದರೆ ಕೆಡವಿದ್ದೇ ಸರಿ. ಆ ಕೋಣೆಗಳಲ್ಲೇ ಕೂತು ಮತ್ತೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಅಂತ ಯಾವ ಬಾಯಲ್ಲಿ ಹೇಳೋದು?