ಎರಡು ವರ್ಷದ ಕೂಸು, ಪಂಪ್ಕಿನ್ ಪ್ಯಾಚ್, ಎರಡೇ ಗಂಟೆ

ಅಕ್ಟೋಬರ್ ಬಂತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡ ವಾಟ್ಸಾಪ್ ಗುಂಪುಗಳಲ್ಲೆಲ್ಲ ಒಂದೇ ವಿಚಾರಣೆ: ಯಾವ ಪಂಪ್ಕಿನ್ ಪ್ಯಾಚ್ (ಕುಂಬಳಕಾಯಿ ಆರಿಸಿ ಕೊಳ್ಳುವ ಹೊಲ) ಚೆನ್ನಾಗಿದೆ? ಮಗುವಿಗೆ ಇನ್ನೂ ಮೂರು ತುಂಬಿಲ್ಲ ಅಂದ್ರೆ ಯಾವ ಫಾರ್ಮ್ ಆದರೂ ನಡೆಯುತ್ತೆ ಸ್ವಾಮಿ. ಕೇಳಬೇಕಾದ್ದು ಎಷ್ಟು ಹೊತ್ತಿಗೆ ಒಳಗೆ, ಎಷ್ಟು ಹೊತ್ತಿಗೆ ಹೊರಗೆ ಅಂತ. ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ, ಹನ್ನೊಂದೂವರೆಗೆ ಕಾರಿನ ಹತ್ತಿರ ವಾಪಸ್ ಬನ್ನಿ. ಮಧ್ಯಾಹ್ನದ ನಿದ್ದೆ ತಪ್ಪಿದ ಮಗುವಿಗೆ ಯಾವ ಕುಂಬಳಕಾಯಿಯೂ ಸಮಾಧಾನ ಮಾಡಲ್ಲ.

ಕರಾವಳಿಯ ಊರು ಹಾಫ್ ಮೂನ್ ಬೇ ಕಡೆ ಹೋಗುವವರಿಗೆ ಹೈವೇ 92ರ ಘಟ್ಟದ ದಾರಿಯೇ ಅರ್ಧ ಪರೀಕ್ಷೆ. ವಾರಾಂತ್ಯದಲ್ಲಿ ಹತ್ತು ಗಂಟೆಯ ಮೇಲೆ ಕಾರುಗಳು ತೆವಳುತ್ತವೆ. ಅಲ್ಲಿಯ ಪಂಪ್ಕಿನ್ ಹಬ್ಬ 1971ರಿಂದ ನಡೆಯುತ್ತಿದೆ. ಅಕ್ಟೋಬರಿನ ಎರಡನೇ ಸೋಮವಾರ ಕಳೆದ ಮೇಲಿನ ಶನಿವಾರ, ಭಾನುವಾರ. ಆ ಎರಡು ದಿನ ಚಿಕ್ಕ ಮಗುವನ್ನು ಕಟ್ಟಿಕೊಂಡು ಆ ದಿಕ್ಕಿಗೂ ತಲೆ ಹಾಕಬೇಡಿ. ದೈತ್ಯ ಕುಂಬಳ ನೋಡುವ ಆಸೆಯಿದ್ದರೆ ಆ ಎರಡನೇ ಸೋಮವಾರವೇ ಬೆಳಿಗ್ಗೆ ತೂಕದ ಸ್ಪರ್ಧೆ ಇರುತ್ತೆ. 2023ರಲ್ಲಿ ಅಲ್ಲಿ ತೂಗಿದ್ದು 2,749 ಪೌಂಡ್, ಹತ್ತಿರಹತ್ತಿರ 1,247 ಕಿಲೋ. ಆವತ್ತಿಗೆ ಅದು ವಿಶ್ವದಾಖಲೆ.

ಕರಾವಳಿಯಲ್ಲಿ ಬೆಳಿಗ್ಗೆ ಮಂಜು, ಚಳಿ. ಬೆಟ್ಟ ದಾಟಿ ಈಚೆ ಬಂದರೆ ಬಿಸಿಲು. ಹಾಗಾಗಿ ಒಂದು ದಪ್ಪ ಜಾಕೆಟ್ ಬದಲು ತೆಳ್ಳಗಿನ ಎರಡು ಮೂರು ಬಟ್ಟೆ ಒಂದರ ಮೇಲೊಂದು ಹಾಕಿ. ಕಾರ್ ಸೀಟಿನಲ್ಲಂತೂ ಉಬ್ಬಿದ ಜಾಕೆಟ್ ಬೇಡವೇ ಬೇಡ. ಗುದ್ದಿದಾಗ ಆ ಹತ್ತಿಯೆಲ್ಲ ಅಮುಕಿಹೋಗಿ ಬೆಲ್ಟು ಸಡಿಲವಾಗುತ್ತೆ. ಭುಜದ ಹತ್ತಿರ ಬೆಲ್ಟನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕಿದರೆ ಇನ್ನೂ ಬಿಗಿ ಮಾಡಬೇಕು ಅಂತ ಅರ್ಥ. ಜಾಕೆಟ್ ಇಳಿದ ಮೇಲೆ ಹಾಕಿಕೊಳ್ಳಲಿ. ಸ್ಟ್ರೋಲರಿನ ಸಣ್ಣ ಚಕ್ರ ಉತ್ತ ಮಣ್ಣಿನಲ್ಲಿ ಹೂತುಹೋಗುತ್ತೆ, ಆಮೇಲೆ ಮಗುವನ್ನೂ ಸ್ಟ್ರೋಲರನ್ನೂ ಎರಡನ್ನೂ ನೀವೇ ಹೊರಬೇಕು. ಬೆನ್ನಿಗೆ ಕಟ್ಟುವ ಕ್ಯಾರಿಯರ್ ಒಯ್ಯಿರಿ. ಊರಿಂದ ಬಂದ ಅಜ್ಜಿ ತಾತ ಜೊತೆಗಿದ್ದರೆ ಉತ್ತ ಸಾಲಿನ ಏರುತಗ್ಗು ಮಂಡಿಗೆ ಕಷ್ಟ. ಅವರಿಗೊಂದು ಮಡಚುವ ಕುರ್ಚಿ ಡಿಕ್ಕಿಯಲ್ಲಿರಲಿ.

ಎಲ್ಲ ಆಟ ಸೇರಿದ ಟಿಕೆಟ್ ಈ ವಯಸ್ಸಿಗೆ ದುಡ್ಡು ದಂಡ. ಕಾರ್ನ್ ಮೇಜ್ ಅಂದರೆ ಜೋಳದ ಹೊಲದೊಳಗಿನ ಚಕ್ರವ್ಯೂಹ, ಅಲ್ಲಿಯ ಒಣಗಿದ ಗರಿ ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕೇ ಬರುತ್ತೆ. ಹುಲ್ಲಿನ ಗಾಡಿ ಹತ್ತುವುದಾದರೆ ಅಂಚಿನಲ್ಲಿ ಬೇಡ, ನಡುವೆ ಕೂತು ಮಗುವನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಜೋಳದ ಕಾಳು ತುಂಬಿದ ಕೊಳದಲ್ಲಿ ಮಕ್ಕಳು ಖುಷಿಯಾಗಿ ಮುಳುಗುತ್ತವೆ, ಆದರೆ ಒಂದು ಕೈಯಳತೆಯಲ್ಲೇ ನೀವಿರಿ. ಮೂಗಿಗೋ ಕಿವಿಗೋ ಹೋದ ಕಾಳು ತೇವಕ್ಕೆ ಊದುತ್ತೆ. ಪಿನ್ನು, ಚಿಮಟ ಹಿಡಿದು ಕೆದಕಬೇಡಿ, ಇನ್ನೂ ಒಳಗೆ ಹೋಗುತ್ತೆ, ಸೀದಾ ಡಾಕ್ಟರ ಹತ್ತಿರ ಹೋಗಿ. (ರಾತ್ರಿ ಡೈಪರಿನಲ್ಲಿ ನಾಲ್ಕು ಕಾಳು ಸಿಕ್ಕರೆ ಗಾಬರಿಯಾಗಬೇಡಿ, ಅದು ಹೊರಗಿನಿಂದ ಒಳಗೆ ಸೇರಿದ್ದು.)

ನಾನು ಹಠ ಹಿಡಿಯುವುದು ಒಂದೇ ವಿಷಯಕ್ಕೆ: ಆಡು, ಕುರಿ, ಕರುಗಳ ಆವರಣ. ದನಕರು ನೋಡೋಕೆ ಚೆನ್ನಾಗಿ ಆರೋಗ್ಯವಾಗಿದ್ದರೂ ಅದರ ಸಗಣಿಯಲ್ಲಿ ಈ-ಕೊಲೈ ಓ157 ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಮೈಮೇಲಿನ ಕೂದಲಿಗೂ ಬೇಲಿಯ ಕಂಬಿಗೂ ಅಂಟಿರುತ್ತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಕಿಡ್ನಿಯವರೆಗೂ ಹೋಗಬಹುದು. ಆದ್ದರಿಂದ ನಿಪ್ಪಲ್, ಹಾಲಿನ ಬಾಟಲಿ, ಬಿಸ್ಕತ್ತು ಯಾವುದೂ ಒಳಗೆ ಬೇಡ. ಹೊರಗೆ ಬಂದ ತಕ್ಷಣ ಸೋಪು, ಹರಿಯುವ ನೀರು. ಕೊಳಕಾದ ಕೈಗೆ ಸ್ಯಾನಿಟೈಜರ್ ಹಚ್ಚಿದರೆ ಸಾಲದು. ಫಾರ್ಮಿನ ನಲ್ಲಿ ದೊಡ್ಡವರ ಎತ್ತರಕ್ಕಿರುತ್ತೆ, ಸೋಪು ಎಷ್ಟೋ ಸಲ ಖಾಲಿ. ಎರಡು ಲೀಟರ್ ನೀರು, ಒಂದು ಚಿಕ್ಕ ಸೋಪಿನ ಬಾಟಲಿ ಕಾರಿನಲ್ಲೇ ಇಟ್ಟಿರಿ.

ಆ್ಯಪಲ್ ಸೈಡರ್ (ಸೋಸದ ಸೇಬಿನ ರಸ) ಕೊಳ್ಳುವಾಗಲೂ ಪಾಶ್ಚರೀಕರಿಸಿದ್ದಾ, ಅಂದರೆ ಬಿಸಿ ಮಾಡಿ ಕ್ರಿಮಿ ಕೊಂದದ್ದಾ ಅಂತ ಬಾಯಿಬಿಟ್ಟು ಕೇಳಿ. ಪಾಶ್ಚರೀಕರಿಸದ ರಸವನ್ನು ಬಾಟಲಿಯಲ್ಲಿ ಮಾರಿದರೆ ಎಚ್ಚರಿಕೆಯ ಚೀಟಿ ಇರಬೇಕು, ಲೋಟದಲ್ಲಿ ಮಾರಿದರೆ ಆ ನಿಯಮ ಇಲ್ಲ. ಪಾಪ್‌ಕಾರ್ನ್, ಹಸಿ ಸೇಬಿನ ದಪ್ಪ ಹೋಳು ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಮನೆಯಿಂದ ಚಿತ್ರಾನ್ನ ತಂದರೂ ಮಗುವಿನ ಪಾಲಿಗೆ ಕಡಲೇಬೀಜ ಬೇಡ. ಐಸ್ ಪ್ಯಾಕ್ ಜೊತೆ ಮೊಸರನ್ನ ಸರಿ. ಹೊರಡುವ ಮುಂಚೆ ಪಾರ್ಕಿಂಗಿನಲ್ಲೇ ತಿನ್ನಿಸಿ. ಖಾಲಿ ಹೊಟ್ಟೆಯಲ್ಲಿ ಕಾರಿನಲ್ಲಿ ನಿದ್ದೆ ಹೋದ ಮಗು ಮನೆ ಬಾಗಿಲಲ್ಲಿ ಎದ್ದು ರಂಪ ಮಾಡುತ್ತೆ.

ಕುಂಬಳ ಆರಿಸುವುದನ್ನು ಕೊನೆಗಿಡಬೇಡಿ, ಮೊದಲೇ ಮುಗಿಸಿ. ಮಗು ತಾನೇ ಎತ್ತುವಂಥದ್ದು, ಒಂದು ಕಿಲೋ ಆಸುಪಾಸಿನದು ಕೊಡಿ. ತೊಟ್ಟು ಗಟ್ಟಿಯಿರಬೇಕು, ಬುಡವನ್ನು ಹೆಬ್ಬೆರಳಲ್ಲಿ ಒತ್ತಿದರೆ ತಗ್ಗಬಾರದು. ಮಕ್ಕಳು ತೊಟ್ಟು ಹಿಡಿದೇ ಎತ್ತುತ್ತಾರೆ. ತೊಟ್ಟು ಮುರಿದ ಜಾಗದಿಂದಲೇ ಕೊಳೆ ಶುರು, ಅದಕ್ಕೆ ಬುಡಕ್ಕೆ ಕೈ ಕೊಡಲು ಹೇಳಿ. ಬಳ್ಳಿಯೇ ಕಾಣದೆ ಹುಲ್ಲಿನ ಮೇಲೆ ಸಾಲಾಗಿ ಜೋಡಿಸಿದ್ದಾರೆಂದರೆ ಅವು ಬೇರೆ ಕಡೆಯಿಂದ ಲಾರಿಯಲ್ಲಿ ಬಂದವು. ಮಗುವಿಗೆ ಅದರಿಂದ ಏನೂ ನಷ್ಟವಿಲ್ಲ, ಆದರೆ "ಹೊಲದಿಂದ ಕಿತ್ತದ್ದು" ಅನ್ನುವ ಬೆಲೆ ನೀವು ಕೊಡಬೇಕಾಗಿಲ್ಲ. ಕೊರೆದ ಕುಂಬಳ ಇಲ್ಲಿಯ ಬಿಸಿಲಿಗೆ ಮೂರು ನಾಲ್ಕು ದಿನದಲ್ಲಿ ಬೂಸ್ಟು ಹಿಡಿಯುತ್ತೆ, ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಕೊರೆಯುವುದಾದರೆ 29ಕ್ಕೋ 30ಕ್ಕೋ ಕೊರೆಯಿರಿ. ಕೂಸಿಗೆ ಸ್ಟಿಕ್ಕರ್ ಸಾಕು. ಕೊರೆಯದ ಕಾಯಿ ನೆರಳಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ವರೆಗೂ ಬರುತ್ತೆ.

ಇನ್ನು ಅಜ್ಜಿ ಕೇಳಿಯೇ ಕೇಳುತ್ತಾರೆ, "ಇದ್ರಲ್ಲಿ ಹುಳಿ ಮಾಡಬಹುದಾ?" ಕೊರೆಯುವ ದೊಡ್ಡ ಕಿತ್ತಳೆ ಕಾಯಿ ನಾರು, ನೀರು, ಹುಳಿಯಲ್ಲಿ ಕರಗಿ ಮಾಯ. ನಮ್ಮ ಸಿಹಿಗುಂಬಳದ ಜಾತಿಯೇ ಬೇರೆ. ಅದಕ್ಕೆ ಹತ್ತಿರದ್ದು ಬೇಕಾದರೆ ಲಾಂಗ್ ಐಲ್ಯಾಂಡ್ ಚೀಸ್ ಅಂತ ಕೇಳಿ, ಚಪ್ಪಟೆಯಾಗಿ ಗೋಧಿಬಣ್ಣ ಇರುತ್ತೆ. ಅದು ಸಿಗದಿದ್ದರೆ ಶುಗರ್ ಪೈ. ಬೆಳ್ಳಗಿರುವ ಲುಮಿನಾ ಕಂಡು ಆಯುಧಪೂಜೆಗೆ ಬೂದುಗುಂಬಳ ಸಿಕ್ಕಿತು ಅಂದುಕೊಳ್ಳಬೇಡಿ, ಅದಕ್ಕೆ ಇಂಡಿಯನ್ ಅಂಗಡಿಯೇ ಗತಿ. ಬಣ್ಣಬಣ್ಣದ ಗಂಟುಗಂಟಿನ ಸಣ್ಣ ಕಾಯಿಗಳು ಬರೀ ಅಲಂಕಾರಕ್ಕೆ, ಒಲೆಗೆ ತರಬೇಡಿ. ಯಾವ ಕುಂಬಳವಾದರೂ ಸರಿ, ಹೆಚ್ಚಿದ ಮೇಲೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ. ಕಹಿ ಅನ್ನಿಸಿದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಆ ಕಹಿಯಲ್ಲಿರುವ ವಿಷ ಎಷ್ಟು ಬೇಯಿಸಿದರೂ ಹೋಗಲ್ಲ.