ಹಾಸಿಗೆ ಹಿಡಿದೋರ ಆರೈಕೆ ಪಂಚಾಯ್ತಿ ಕೆಲಸ ಅಲ್ವಾ?

ಬ್ಯಾಂಕ್ ಟ್ರಾನ್ಸ್‌ಫರ್ ಅಂತ ಮಲಪ್ಪುರಂ ಜಿಲ್ಲೆಗೆ ಬಂದಿದೀನಿ, ತಿರೂರು ಹತ್ರ ಒಂದು ಹಳ್ಳಿ, ಮೇಲಿನ ಮನೆ ನಮ್ದು, ಕೆಳಗೆ ಓನರ್ರು. ಅವರ ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದಾರೆ. ಒಂದು ರಜಾ ದಿನ ಗೇಟ್ ಮುಂದೆ ಜೀಪ್ ಬಂದು ನಿಲ್ತು, ನರ್ಸ್ ಒಬ್ರು, ಆಶಾ ಕಾರ್ಯಕರ್ತೆ ಒಬ್ರು, ಜೊತೆಗೆ ಅದೇ ಬೀದಿಯ ರಿಟೈರ್ಡ್ ಮೇಷ್ಟ್ರು ಇಳಿದ್ರು. ನರ್ಸ್ ಒಳಗೆ ಹೋಗಿ ಅಜ್ಜಿಯ ಯೂರಿನ್ ಪೈಪ್ ಬದಲಾಯಿಸಿದ್ರು, ಬೆನ್ನಿನ ಹುಣ್ಣು ತೊಳೆದು ಡ್ರೆಸ್ಸಿಂಗ್ ಮಾಡಿದ್ರು, ಮಗ್ಗುಲು ಹೆಂಗೆ ಬದಲಾಯಿಸ್ಬೇಕು ಅಂತ ಸೊಸೆಗೆ ಕೈಯಲ್ಲಿ ಮಾಡಿ ತೋರಿಸಿದ್ರು, ಮೇಷ್ಟ್ರು ಅಷ್ಟೊತ್ತೂ ಅಜ್ಜಿ ಹತ್ರ ಮಾತಾಡ್ತಾ ಕೂತಿದ್ರು. ಇದಕ್ಕೆಲ್ಲ ಎಷ್ಟು ಕೊಡ್ಬೇಕು ಅಂತ ಓನರ್‌ನ ಕೇಳಿದ್ರೆ ನಾನು ಏನ್ ಕೇಳ್ತಿದೀನಿ ಅಂತಾನೇ ಅವರಿಗೆ ಗೊತ್ತಾಗ್ಲಿಲ್ಲ. ಪಂಚಾಯತ್‌ನೋರು ಕಳಿಸಿರೋದಲ್ವಾ ಅಂದ್ರು.

ಅವತ್ತಿಂದ ನಮ್ಮ ದೊಡ್ಡಪ್ಪನೇ ನೆನಪಾಗ್ತಾರೆ. ಗುಬ್ಬಿ ತಾಲ್ಲೂಕು ನಮ್ದು. ಅವರಿಗೂ ಇದೇ ಲಕ್ವ, ಇದೇ ಪೈಪು, ಇದೇ ಹುಣ್ಣು. ಪೈಪ್ ಬದಲಾಯಿಸೋ ದಿನ ಬಂತು ಅಂದ್ರೆ ಹಿಂದಿನ ದಿನವೇ ಪಕ್ಕದೂರಿನ ಓಮ್ನಿಗೆ ಹೇಳಿ, ಸೀಟ್ ಬಿಚ್ಚಿಸಿ ಹಾಸಿಗೆ ಹಾಸಿ, ಬೆಡ್‌ಶೀಟ್‌ನ ನಾಲ್ಕು ಮೂಲೆ ನಾಲ್ಕು ಜನ ಹಿಡ್ಕೊಂಡು ಅವರನ್ನ ಎತ್ತಿ ಒಳಗೆ ಮಲಗಿಸ್ಬೇಕು, ಹಂಪ್ ಬಂದಾಗೆಲ್ಲ ಪಾಪ ಹಲ್ಲು ಕಚ್ಕೊಳ್ಳೋರು. ಟೌನಿಗೆ ಹೋದ್ರೆ ಚೀಟಿ, ಕ್ಯೂ, ಹತ್ತು ನಿಮಿಷದ ಕೆಲಸಕ್ಕೆ ಬೆಳಗ್ಗೆಯಿಂದ ಸಂಜೆ, ಗಾಡಿ ಬಾಡಿಗೆ ಬೇರೆ, ಜೊತೆಗೆ ಬಂದೋರ ಕೂಲಿ ಹೋಯ್ತು. ಕೊನೆಕೊನೆಗೆ ಪೈಪ್ ಕಟ್ಕೊಂಡಿದ್ರೂ ಇನ್ನೆರಡು ದಿನ ನೋಡಣ ಬಿಡು ಅನ್ನೋ ಮಟ್ಟಕ್ಕೆ ದೊಡ್ಡಮ್ಮ ಬಂದಿದ್ರು. ನೋಡ್ಕೊಂಡು ಹೋಗೋಕೆ ಬ್ರೆಡ್ಡು ಹಣ್ಣು ಹಿಡ್ಕೊಂಡು ಇಡೀ ಊರೇ ಬರ್ತಿತ್ತು, ಪೈಪ್ ಬದಲಾಯಿಸೋಕೆ ಬರೋರು ಒಬ್ರೂ ಇರ್ಲಿಲ್ಲ.

ಇಲ್ಲಿ ಇದು ಹೆಂಗೆ ನಡೀತದೆ ಅಂತ ಆ ಮೇಷ್ಟ್ರನ್ನೇ ಹಿಡ್ಕೊಂಡು ಕೇಳ್ದೆ. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಲ್ಲಿ ಕೆಲವು ಡಾಕ್ಟ್ರು ಕ್ಯಾನ್ಸರ್ ನೋವಿಗೆ ಅಂತ ಕ್ಲಿನಿಕ್ ಶುರು ಮಾಡಿದ್ರಂತೆ, ಆಮೇಲೆ ಮಲಪ್ಪುರಂ ಕಡೆ ಊರಿನ ಜನಾನೇ ದುಡ್ಡು ಕೂಡಿಸಿ ವಾಲಂಟಿಯರ್ ಆಗಿ ಮನೆಮನೆಗೆ ಹೋಗೋಕೆ ಶುರು ಮಾಡಿದ್ರು. 2008ರಲ್ಲಿ ಕೇರಳ ಸರ್ಕಾರ ಪಾಲಿಯೇಟಿವ್ ಪಾಲಿಸಿ (ವಾಸಿಯಾಗದ ಕಾಯಿಲೆಯೋರ ನೋವು, ಸಂಕಟ ಕಮ್ಮಿ ಮಾಡೋ ಆರೈಕೆಗೆ) ಅಂತ ತಂತು, ದೇಶದಲ್ಲೇ ಮೊದಲು, ಅಲ್ಲಿಂದ ಪಂಚಾಯ್ತಿಗಳ ಪ್ಲಾನ್ ಫಂಡಲ್ಲೇ ನರ್ಸ್ ಸಂಬಳ, ಗಾಡಿ ಬಾಡಿಗೆ, ಪೈಪು, ಬ್ಯಾಂಡೇಜು ಎಲ್ಲಾ ಬರ್ತದೆ. ಚರಂಡಿಗೆ ಹೆಂಗೆ ದುಡ್ಡು ಇಡ್ತಾರೋ ಇದಕ್ಕೂ ಹಂಗೇ ವರ್ಷಾ ವರ್ಷ ಇಡ್ತಾರೆ, ಯಾರೂ ಯಾರ ಕೈಕಾಲೂ ಹಿಡೀಬೇಕಾಗಿಲ್ಲ.

ನಮ್ಮ ಬಾವ ಊರಲ್ಲಿ ಪಂಚಾಯ್ತಿ ಮೆಂಬರ್ರು. ಫೋನ್ ಮಾಡಿ ಇದನ್ನ ಹೇಳಿದ್ರೆ, "ಅದೆಲ್ಲ ಆಸ್ಪತ್ರೆಯೋರ ಕೆಲಸ ಕಣಪ್ಪ, ಪಂಚಾಯ್ತಿ ಅಂದ್ರೆ ನೀರು ರಸ್ತೆ ಚರಂಡಿ ಲೈಟು, ಅದಕ್ಕೇ ದುಡ್ಡಿಲ್ಲ" ಅಂದ್ರು. ನಮ್ಮ ಕಡೆ ಯಾರನ್ನ ಕೇಳಿದ್ರೂ ಇದೇ ಉತ್ತರ ಬರ್ತದೆ. ಆದ್ರೆ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗೆ ಅಂತ ಬರೆದಿರೋ 29 ವಿಷಯದಲ್ಲಿ ಆರೋಗ್ಯವೂ ಇದೆ, ಅಂಗವಿಕಲರ ಕಲ್ಯಾಣವೂ ಇದೆ, ಬರೀ ಸಿಸಿ ರಸ್ತೆ ಒಂದೇ ಇರೋದಲ್ಲ.

ಇನ್ನೊಂದು ಮಾತು, ಅದಕ್ಕೆಲ್ಲ ಮಠ ಇದೆಯಲ್ಲ ಅನ್ನೋದು. ಸಿದ್ಧಗಂಗೆ ಬಗ್ಗೆ ಒಂದು ಮಾತೂ ಹಗುರವಾಗಿ ಆಡೋನಲ್ಲ ನಾನು, ನಮ್ಮ ಚಿಕ್ಕಪ್ಪ ಅಲ್ಲೇ ಉಂಡು ಅಲ್ಲೇ ಓದಿ ಮೇಷ್ಟ್ರಾದೋರು, ಸಾವಿರಾರು ಮಕ್ಕಳಿಗೆ ಅಲ್ಲಿ ನಡೀತಿರೋ ದಾಸೋಹ ಯಾವ ಸರ್ಕಾರದ ಕೈಲೂ ಆಗೋದಲ್ಲ. ಹಂಗಂತ ಮಠದೋರು ಗುಬ್ಬಿ ಶಿರಾ ಪಾವಗಡದ ಒಂದೊಂದು ಹಟ್ಟಿಗೂ ಬಂದು ಹುಣ್ಣು ತೊಳೀಲಿ ಅನ್ನೋಕಾಗುತ್ತಾ? ನಾವು ಕಂದಾಯ ಕಟ್ಟೋದು ಪಂಚಾಯ್ತಿಗೆ. ಮಠ ಇದೆ, ಮನೇಲಿ ಸೊಸೆ ಇದಾಳೆ ಅಂತ ಪಂಚಾಯ್ತಿ ಕೈ ಕಟ್ಟಿ ಕೂತ್ರೆ ಕೊನೆಗೆ ಸೊಂಟ ಬೀಳೋದು ಆ ಸೊಸೆದೇ, ಅವಳು ರೇಷ್ಮೆ ಸೊಪ್ಪು, ಹಾಲು, ಮಕ್ಕಳು ಎಲ್ಲಾ ಮುಗಿಸಿ ರಾತ್ರಿ ಎದ್ದೆದ್ದು ಮಗ್ಗುಲು ಬದಲಾಯಿಸ್ಬೇಕು, ಊರೋರು ಎಂಥಾ ಒಳ್ಳೆ ಸೊಸೆ ಅಂತ ಹೊಗಳಿ ಹೋಗ್ತಾರೆ.

ನನಗೆ ಹೊಟ್ಟೆ ಉರಿಯೋದು ಯಾಕಂದ್ರೆ ಪಂಚಾಯ್ತಿ ವಿಷಯದಲ್ಲಿ ಕೇರಳದೋರಿಗಿಂತ ಮುಂಚೆ ಎದ್ದಿದ್ದು ನಾವು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬ್ರು 1983ರ ಕಾನೂನು ತಂದು, 1987ರಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯ್ತಿಗೂ ಎಲೆಕ್ಷನ್ ಮಾಡಿಸಿದಾಗ ದೇಶವೇ ನಮ್ಮ ಕಡೆ ನೋಡ್ತಿತ್ತು. ಇವರು ಎದ್ದಿದ್ದು 1996ರಲ್ಲಿ, ಆದ್ರೆ ಎದ್ದೋರು ರಾಜ್ಯದ ಪ್ಲಾನ್ ದುಡ್ಡಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಪಂಚಾಯ್ತಿ, ನಗರಸಭೆಗಳ ಕೈಗೆ ಕೊಟ್ಟುಬಿಟ್ರು. ನಮ್ಮಲ್ಲಿ ನೋಡಿದ್ರೆ 2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ಇಲ್ಲ. ಇದನ್ನ ಕೇಳೋರೂ ಇಲ್ಲ.

ಬಾವ ಹೇಳಿದ್ದರಲ್ಲಿ ಒಪ್ಪಬೇಕಾದ್ದೂ ಇದೆ. ಕೇರಳದಲ್ಲಿ ಇಡೀ ರಾಜ್ಯಕ್ಕೆ 941 ಗ್ರಾಮ ಪಂಚಾಯ್ತಿ, ನಮ್ಮಲ್ಲಿ ಹತ್ತಿರ ಹತ್ತಿರ 6 ಸಾವಿರ, ಇಲ್ಲಿನ ಒಂದು ಪಂಚಾಯ್ತಿ ಅಂದ್ರೆ ನಮ್ಮ ಮೂರು ನಾಲ್ಕು ಪಂಚಾಯ್ತಿ ಜನ. ಇಲ್ಲಿ ಹಿತ್ತಲಿಗೊಂದು ಬಾವಿ, ನಮ್ಮ ಪಂಚಾಯ್ತಿ ದುಡ್ಡೆಲ್ಲ ಬೋರು ಕೊರೆಸೋದು, ಸುಟ್ಟ ಮೋಟ್ರು ಕಟ್ಟಿಸೋದು, ಕರೆಂಟ್ ಬಿಲ್ಲು, ನೀರಗಂಟಿ ಸಂಬಳ ಇದಕ್ಕೇ ಹೋಗ್ತದೆ. 2026ರ ಮಾರ್ಚ್‌ವರೆಗೆ ಕೇಂದ್ರದ 15ನೇ ಹಣಕಾಸು ಆಯೋಗದಿಂದ ಬರ್ತಿದ್ದ ದುಡ್ಡಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ರು, ಉಳಿದ ಶೇ 40ರಲ್ಲೂ ಸಂಬಳ ಕೊಡಂಗಿರ್ಲಿಲ್ಲ, ಅಂದ್ರೆ ನರ್ಸ್ ಇಡೋಕೆ ಆ ದುಡ್ಡು ಬರ್ತಿರ್ಲಿಲ್ಲ. ಇದು ನಿಜ.

ಆದ್ರೂ ಮೂರು ಪಂಚಾಯ್ತಿ ಸೇರಿ ಒಬ್ಬ ನರ್ಸು, ವಾರಕ್ಕೆರಡು ದಿನ ಬಾಡಿಗೆ ಓಮ್ನಿ, ಇಷ್ಟು ಮಾಡೋಕಾಗಲ್ವಾ? ವಿಕಲಚೇತನರಿಗೆ ಅಂತ ಸ್ವಂತ ಆದಾಯದಲ್ಲಿ ಶೇ 5 ತೆಗೆದಿಡೋ ರೂಲ್ ಈಗ್ಲೂ ಇದೆ, ಲಕ್ವ ಹೊಡೆದು ಮಲಗಿರೋರು ಅದಕ್ಕೆ ಬರಲ್ವಾ? ಮಾರ್ಚ್ ತಿಂಗಳಲ್ಲಿ ಅರ್ಜೆಂಟಾಗಿ ಏನೋ ಸಾಮಾನು ಹಂಚಿ ಫೋಟೋ ತೆಗೆಸ್ಕೊಳ್ಳೋ ಬದಲು ಅದನ್ನ ಇದಕ್ಕೆ ಹಾಕಿ, ಸಾಲದ್ದಕ್ಕೆ ಮನೆ ಕಂದಾಯ ಸ್ವಲ್ಪ ಜಾಸ್ತಿ ಮಾಡಿ, ನಮ್ಮ ಮನೇದು ನಾನು ಮೊದ್ಲು ಕಟ್ತೀನಿ. ಬಾವನಿಗೆ ಇದನ್ನೆಲ್ಲ ಬರೆದು ವಾಟ್ಸಾಪ್ ಮಾಡಿದೀನಿ. ಖರ್ಚನ್ನ ಯಾವ ಹೆಡ್‌ಗೆ (ಲೆಕ್ಕದ ಬಾಬ್ತಿಗೆ) ಹಾಕ್ತೀರ ಅಂತ ಪಿಡಿಒ ಕೇಳ್ತಾರಪ್ಪ ಅಂದ್ರು. ಹೆಡ್ ಇಲ್ಲ ಅಂದ್ರೆ ಹೊಸದಾಗಿ ಮಾಡಿಕೊಡಿ ಅಂತ ಸರ್ಕಾರಕ್ಕೆ ಗ್ರಾಮಸಭೆಯಿಂದ ನಿರ್ಣಯ ಬರೆಸಿ ಬಾವ, ಬರೋ ಕ್ರಿಯಾ ಯೋಜನೆ ಮುಗಿಯೋದ್ರೊಳಗೆ ಆಗ್ಬೇಕು ಅಂದಿದೀನಿ.