ಕಡಲ ಗಾಳಿವಿದ್ಯುತ್: ಆಡಿಟ್ ಆಗುವುದು ಬಿಲ್ಲಲ್ಲ

‘ಅಮೆರಿಕದ ಕಡಲಲ್ಲಿ ಗಾಳಿಯಂತ್ರ ನಿಲ್ಲಿಸಿದ ಕಂಪನಿಗಳು ವಿದ್ಯುತ್ ಮಾರಿದ ಬಿಲ್ಲಿನಲ್ಲಿ ಸರ್ಕಾರಕ್ಕೆ ಪಾಲು ಕೊಡುತ್ತವೆ, ಬಿಲ್ ಮುಚ್ಚಿಟ್ಟರೆ ಪಾಲೂ ತಪ್ಪುತ್ತದೆ’ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ತೈಲದ ರಾಯಲ್ಟಿಯ (ತೆಗೆದ ತೈಲದ ಮೌಲ್ಯದಲ್ಲಿ ಸರ್ಕಾರಕ್ಕೆ ಕೊಡುವ ಪಾಲಿನ) ಲೆಕ್ಕ ಇಲ್ಲಿಗೆ ಒಗ್ಗುವುದಿಲ್ಲ. ಫೆಡರಲ್ ಗುತ್ತಿಗೆಯ ವಾರ್ಷಿಕ ಶುಲ್ಕ ಸಾಮಾನ್ಯವಾಗಿ ಸೂತ್ರದಿಂದ ಬರುತ್ತದೆ: ಸ್ಥಾಪಿತ ಸಾಮರ್ಥ್ಯ × ವರ್ಷದ 8,760 ಗಂಟೆ × 0.4 × ವಿದ್ಯುತ್ತಿನ ಸಗಟು ದರ × ಶೇ 2. ಇಲ್ಲಿ 0.4 ಎಂದರೆ ಯಂತ್ರಗಳು ಪೂರ್ಣ ಸಾಮರ್ಥ್ಯದ ಶೇ 40ರಷ್ಟು ಉತ್ಪಾದಿಸುತ್ತವೆ ಎಂಬ ಅಂದಾಜು. ಸಾಮರ್ಥ್ಯ 100 ಮೆಗಾವಾಟ್, ದರ ಮೆಗಾವಾಟ್-ಗಂಟೆಗೆ 40 ಡಾಲರ್ ಎಂದಿಟ್ಟುಕೊಂಡರೆ 2,80,320 ಡಾಲರ್. ಆ ವರ್ಷ ಗಾಳಿ ಕಡಿಮೆ ಬೀಸಿದರೂ ಅಷ್ಟೇ.

ಹಾಗಾಗಿ ಆಡಿಟ್‌ನಲ್ಲಿ ಮೊದಲು ಕೆದಕಬೇಕಾದ್ದು ಟರ್ಬೈನುಗಳ ಪಟ್ಟಿಯನ್ನು: ಯಾವುದು ಯಾವ ದಿನ ವಾಣಿಜ್ಯ ಉತ್ಪಾದನೆಗಿಳಿಯಿತು, ನಾಮಫಲಕದಲ್ಲಿ ಎಷ್ಟು ಮೆಗಾವಾಟ್ ಇದೆ, ಯಾವ ಮಾರುಕಟ್ಟೆಯ ದರ ಹಿಡಿದಿದ್ದಾರೆ. ಮೀಟರ್ ದಾಖಲೆ ಬೇಡವೆಂದಲ್ಲ. ಆ 0.4ನ್ನು ಮುಂದೆ ಪರಿಷ್ಕರಿಸುವಾಗ ನಿಜ ಉತ್ಪಾದನೆಯೇ ಆಧಾರ.